ಪರದೇಶಕ್ಕೆ ಹೊರಟ ಹತ್ತು ಅಂಕಿಗಳು

ವಿದೇಶಕ್ಕೆ ಹೊರಟವರಿಗೆ ಸಲಹೆ ಕೊಡುವವರು ನಮ್ಮಲ್ಲಿ ಎಂದೂ ಕಡಿಮೆ ಬೀಳುವುದಿಲ್ಲ. ಚಟ್ನಿಪುಡಿಯನ್ನು ಯಾವ ಚೀಲದಲ್ಲಿ ಇಡಬೇಕು, ಡಾಲರನ್ನು ಎಲ್ಲಿ ಕೊಳ್ಳಬೇಕು, ವಲಸೆ ಅಧಿಕಾರಿ ಏನು ಕೇಳಿದರೆ ಏನು ಹೇಳಬೇಕು ಎಂಬುದನ್ನೆಲ್ಲ ಪಾಸ್‌ಪೋರ್ಟೇ ಇಲ್ಲದವರೂ ಹೇಳಬಲ್ಲರು. ಮೊಬೈಲ್ ವಿಷಯಕ್ಕೆ ಬಂದರೆ ಈ ಸಲಹೆಗಳೆಲ್ಲ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತವೆ: ಅಲ್ಲಿ ಅಗ್ಗದ ಇಂಟರ್ನೆಟ್ ಎಲ್ಲಿ ಸಿಗುತ್ತದೆ? ನಿಜ ಹೇಳಬೇಕೆಂದರೆ ಆ ಪ್ರಶ್ನೆ ಬಗೆಹರಿದು ಕೆಲವು ವರ್ಷಗಳೇ ಆಗಿವೆ. ಬ್ಯಾಂಕಾಕ್‌ನಲ್ಲಿ ಇಳಿದರೆ ವಿಮಾನ ನಿಲ್ದಾಣದ ಮಳಿಗೆಯವರೇ ಪಾಸ್‌ಪೋರ್ಟ್ ನೋಡಿ ಪ್ರವಾಸಿ ಸಿಮ್ ಹಾಕಿಕೊಡುತ್ತಾರೆ. ಕೊಲಂಬೊದಲ್ಲೂ ಹಾಗೆಯೇ. ಬ್ರಿಟನ್ನಿನಲ್ಲಿ ಪ್ರೀಪೇಯ್ಡ್ ಸಿಮ್ ಕೊಳ್ಳಲು ಗುರುತಿನ ಚೀಟಿಯನ್ನೇ ಕೇಳುವುದಿಲ್ಲ. ಹೊಸ ಫೋನುಗಳಲ್ಲಿ ಇಸಿಮ್, ಅಂದರೆ ಕಾರ್ಡ್ ತೂರಿಸದೆ ಇಂಟರ್ನೆಟ್ಟಿನಿಂದಲೇ ಇಳಿಸಿಕೊಳ್ಳುವ ಸಿಮ್, ಬಂದ ಮೇಲಂತೂ ವಿಮಾನದ ಚಕ್ರ ನೆಲ ಮುಟ್ಟುವ ಮೊದಲೇ ಸಂಪರ್ಕ ಸಿದ್ಧವಾಗಿರುತ್ತದೆ.

ನನ್ನನ್ನು ಕಾಡುತ್ತಿರುವುದು ಬೇರೆ ಸಂಗತಿ. ಪ್ರತಿ ಪ್ರವಾಸದಲ್ಲೂ ನನ್ನ, ನನ್ನ ಮನೆಯವರ, ನೆಂಟರ ತಲೆನೋವು ಅಲ್ಲಿನ ಸಂಪರ್ಕದ್ದಾಗಿರಲಿಲ್ಲ, ಊರಿನ ನಂಬರಿನದಾಗಿತ್ತು. ಅದನ್ನು ಸಾಯದಂತೆ ನೋಡಿಕೊಳ್ಳಬೇಕು, ಅದಕ್ಕೆ ಬರುವ ಸಂದೇಶಗಳು ತಪ್ಪಬಾರದು, ಅದು ಬಾಯಿ ತೆರೆದರೆ ಬಿಲ್ ಬೆಳೆಯಬಾರದು. ಅದರಿಂದ ಯಾರಿಗೂ ಕರೆ ಮಾಡುವುದಿಲ್ಲ, ಯಾರ ಕರೆಯನ್ನೂ ಎತ್ತುವುದಿಲ್ಲ. ಆದರೂ ಅದಿಲ್ಲದೆ ಒಂದು ದಿನ ಸಾಗುವುದಿಲ್ಲ. ಮಾತನಾಡಲು ಬೇಡವಾದ ಫೋನ್ ನಂಬರಿಗೆ ಇಷ್ಟು ಉಪಚಾರ ಏಕೆ ಎಂದು ಯೋಚಿಸುತ್ತ ಹೋದಾಗ ಹೊಳೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅತ್ತಿಬೆಲೆ ದಾಟಿದರೆ

ನಲವತ್ತು ದಾಟಿದವರಿಗೆ ನೆನಪಿರಬಹುದು, ರೋಮಿಂಗ್ ಎಂಬ ಭಯ ನಮಗೆ ಪರದೇಶದಲ್ಲಿ ಅಂಟಿದ್ದಲ್ಲ, ಅತ್ತಿಬೆಲೆಯಲ್ಲಿ ಅಂಟಿದ್ದು. ಹೊಸೂರಿನ ಕಾರ್ಖಾನೆಗಳಿಗೆ ದಿನವೂ ಹೋಗಿ ಬರುತ್ತಿದ್ದ ಬೆಂಗಳೂರಿನವರಿಗೆ ಗಡಿ ದಾಟಿದ ಕೂಡಲೇ ಫೋನ್ ತಮಿಳುನಾಡು ದೂರಸಂಪರ್ಕ ವೃತ್ತಕ್ಕೆ ಸೇರುತ್ತಿತ್ತು, ಒಳಬರುವ ಕರೆಗೂ ದುಡ್ಡು ಕತ್ತರಿಸಲಾಗುತ್ತಿತ್ತು. ಮನೆಯವರಿಗೆ "ಹನ್ನೊಂದರ ಮೇಲೆ ಫೋನ್ ಮಾಡಬೇಡ, ನಾನೇ ಮಾಡುತ್ತೇನೆ" ಎಂದು ಹೇಳಿ ಹೊರಡುವುದು ಮಾಮೂಲಾಗಿತ್ತು. ಮಂಗಳೂರಿನಿಂದ ಕಾಸರಗೋಡಿಗೆ, ಬೆಳಗಾವಿಯಿಂದ ಕೊಲ್ಹಾಪುರಕ್ಕೆ ಹೋಗುವವರ ಕಥೆಯೂ ಇದೇ. 2015ರಲ್ಲಿ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ ರೋಮಿಂಗಿನ ಗರಿಷ್ಠ ದರಗಳನ್ನು ಇಳಿಸಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ದೇಶದೊಳಗಿನ ರೋಮಿಂಗ್ ಶುಲ್ಕವೇ ಇಲ್ಲದೆ ಬಂದಿತು. ಮರುವರ್ಷ ಉಳಿದ ಕಂಪನಿಗಳೂ ಕೈಬಿಟ್ಟವು. ಇಂದಿನ ಹುಡುಗರಿಗೆ ಅತ್ತಿಬೆಲೆ ಎಂದರೆ ಟೋಲ್ ಗೇಟ್, ದೀಪಾವಳಿಯ ಪಟಾಕಿ ಅಂಗಡಿ, ಅಷ್ಟೇ.

ಅದೇ ಅತ್ತಿಬೆಲೆಯನ್ನು ನಾನು ಮತ್ತೆ ಕಂಡದ್ದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ದಾವಣಗೆರೆಯ ನನ್ನ ಗೆಳೆಯನೊಬ್ಬ ಅಲ್ಲಿನ ಔಷಧ ಕಂಪನಿಯಲ್ಲಿ ಕೆಲಸ ಮಾಡುತ್ತಾನೆ, ವಾಸ ಮಾತ್ರ ಗಡಿಯಾಚೆ ಜರ್ಮನಿಯ ವೈಲ್ ಆಮ್ ರೈನ್‌ನಲ್ಲಿ, ಬಾಡಿಗೆ ಕಡಿಮೆ ಎಂಬ ಕಾರಣಕ್ಕೆ. ಎರಡೂ ಊರನ್ನು ಬೆಸೆಯುವುದು 8ನೇ ನಂಬರಿನ ಟ್ರಾಂ. ಒಂದು ಭಾನುವಾರ ನಾವಿಬ್ಬರೂ ಅವನ ಮನೆಯಿಂದ ಬಾಸೆಲ್ ಪೇಟೆಗೆ ಹೊರಟಿದ್ದೆವು. ನನ್ನ ಫೋನಿನಲ್ಲಿ ಐರೋಪ್ಯ ಒಕ್ಕೂಟದ ದೇಶಗಳಿಗೆಂದು ಕೊಂಡಿದ್ದ ಇಸಿಮ್ ಇತ್ತು. ಟ್ರಾಂ ಗಡಿಯ ಹತ್ತಿರ ಬಂದಾಗ ಅವನು "ನೋಡುತ್ತಿರು, ಈಗ ನಿಲ್ಲುತ್ತದೆ" ಎಂದ. ನಿಂತಿತು. ಟ್ರಾಂ ಅಲ್ಲ, ನನ್ನ ಇಂಟರ್ನೆಟ್. ಹಿಂದಿನ ಸೀಟಿನಲ್ಲಿ ಯಾರದೋ ಫೋನಿಗೆ "ಸ್ವಾಗತ" ಸಂದೇಶ ಬಂದು ಟಿಣ್ ಎಂದಿತು, ಮುಂದಿನ ಸೀಟಿನಲ್ಲಿ ಮತ್ತೊಬ್ಬರದು. ಗಡಿಯಲ್ಲಿ ಪಾಸ್‌ಪೋರ್ಟ್ ಕೇಳುವವರಿಲ್ಲ, ಟ್ರಾಂ ನಿಲ್ಲಿಸುವವರಿಲ್ಲ. ದೇಶ ಬದಲಾದದ್ದು ತಿಳಿದದ್ದು ಫೋನುಗಳಿಗೆ ಮಾತ್ರ.

ಗೆಳೆಯ ತನ್ನ ಫೋನಿನಲ್ಲಿ ನೆಟ್‌ವರ್ಕ್ ಆಯ್ಕೆಯನ್ನು ತಾನೇ ಕೈಯಾರೆ ಜರ್ಮನಿಯದಕ್ಕೆ ಕಟ್ಟಿಹಾಕಿದ್ದ. ಮನೆಯ ಬಾಲ್ಕನಿಯಲ್ಲಿ ಕುಳಿತಾಗ ಗಡಿಯಾಚೆಯ ಸ್ವಿಸ್ ಮೊಬೈಲ್ ಗೋಪುರ ಹಿಡಿದುಕೊಂಡರೆ ಬೇಡದ ಖರ್ಚು ಎಂದು. ಐರೋಪ್ಯ ಒಕ್ಕೂಟ 2007ರಲ್ಲಿ ರೋಮಿಂಗ್ ಕರೆಗಳಿಗೆ ಮೊದಲ ಬಾರಿ ಮಿತಿ ಹಾಕಿತು: ಮಾಡುವ ಕರೆಗೆ ನಿಮಿಷಕ್ಕೆ 49 ಸೆಂಟ್, ಬರುವ ಕರೆಗೆ 24 ಸೆಂಟ್. ಹತ್ತು ವರ್ಷ ಇಳಿಸುತ್ತ ಬಂದು 2017ರ ಜೂನ್ 15ರಿಂದ ಒಕ್ಕೂಟದೊಳಗೆ ಎಲ್ಲಿ ಹೋದರೂ ಮನೆಯ ದರವೇ ಎಂದು ಮಾಡಿತು. ಆ ನಿಯಮವನ್ನು 2032ರವರೆಗೆ ವಿಸ್ತರಿಸಲಾಗಿದೆ. ನಾರ್ವೆ, ಐಸ್‌ಲ್ಯಾಂಡ್ ಕೂಡ ಇದರೊಳಗಿವೆ, ನಡುಮಧ್ಯದ ಸ್ವಿಟ್ಜರ್ಲೆಂಡ್ ಇಲ್ಲ. ಕೆಲವು ಕಂಪನಿಗಳು ತಾವಾಗಿಯೇ ಅದನ್ನು ಸೇರಿಸಿಕೊಳ್ಳುತ್ತವೆ. ಗೆಳೆಯನ ಅಗ್ಗದ ಪ್ಲಾನಿನವರು ಸೇರಿಸಿಕೊಂಡಿರಲಿಲ್ಲ. ಹತ್ತು ದೇಶಗಳ ಪ್ರವಾಸ ಮಾಡಿಸುವ ನಮ್ಮ ಟೂರ್ ಕಂಪನಿಗಳ ಬಸ್ಸು ಪ್ಯಾರಿಸ್‌ನಿಂದ ಹೊರಟು ಯೂಂಗ್‌ಫ್ರಾವ್ ಹಿಮ ತೋರಿಸಿ ಇಟಲಿಗೆ ಇಳಿಯುತ್ತದಲ್ಲ, ಅದರಲ್ಲಿ ಕುಳಿತವರು ಇಸಿಮ್ ಕೊಳ್ಳುವಾಗ ದೇಶಗಳ ಪಟ್ಟಿಯಲ್ಲಿ ಸ್ವಿಟ್ಜರ್ಲೆಂಡ್ ಇದೆಯೇ ಎಂದು ನೋಡುವುದು ಒಳ್ಳೆಯದು. ಫೋಟೊ ಕಳಿಸುವ ಆತುರ ಹೆಚ್ಚಿರುವುದು ಅಲ್ಲಿಯೇ.

ದುಡ್ಡು ಎಲ್ಲಿ ಹೋಗುತ್ತದೆ

ರೋಮಿಂಗ್ ದುಬಾರಿ ಏಕೆ ಎಂದರೆ ಉಪಗ್ರಹ, ಸಮುದ್ರದಡಿಯ ಕೇಬಲ್ ಎಂದೆಲ್ಲ ಉತ್ತರ ಬರುತ್ತದೆ. ಅದು ಅಷ್ಟೇನೂ ದೊಡ್ಡ ಖರ್ಚಲ್ಲ. ನಮ್ಮ ಕಂಪನಿಯ ಗ್ರಾಹಕ ಅವರ ದೇಶಕ್ಕೆ ಹೋದಾಗ ಅವರ ಕಂಪನಿ ನಮ್ಮ ಕಂಪನಿಗೆ ಒಂದು ಸಗಟು ದರ ಹಾಕುತ್ತದೆ, ಅದರ ಮೇಲೆ ನಮ್ಮವರು ತಮ್ಮ ಲಾಭ ಸೇರಿಸುತ್ತಾರೆ. ಆ ಸಗಟು ದರದ ಚೌಕಾಶಿಯಲ್ಲಿ ಗ್ರಾಹಕನಿಗೆ ಪಾತ್ರವಿಲ್ಲ. ಟ್ರಾಯ್ ನಮ್ಮ ಕಂಪನಿಗೆ ಹೇಳಬಹುದು, ಜರ್ಮನಿಯ ಕಂಪನಿಗೆ ಹೇಳಲಾಗದು. ಜರ್ಮನಿಯ ನಿಯಂತ್ರಕರಿಗೆ ಬೆಂಗಳೂರಿನಿಂದ ಬಂದವನ ಬಿಲ್ ಬಗ್ಗೆ ಯಾವ ಮುತುವರ್ಜಿಯೂ ಇಲ್ಲ. ಐರೋಪ್ಯ ಒಕ್ಕೂಟ ಇದನ್ನು ಮುರಿಯಲು ಸಾಧ್ಯವಾದದ್ದು ಎರಡೂ ಬದಿಯ ಕಂಪನಿಗಳು ಒಂದೇ ಕಾನೂನಿನ ಕೆಳಗೆ ಇದ್ದುದರಿಂದ. ಅಲ್ಲಿ ಒಂದು ಗಿಗಾಬೈಟಿನ ಸಗಟು ಮಿತಿ 2022ರಲ್ಲಿ 2 ಯುರೊ ಇತ್ತು, ವರ್ಷದಿಂದ ವರ್ಷಕ್ಕೆ ಇಳಿದು 2027ಕ್ಕೆ 1 ಯುರೊ ಆಗಬೇಕು. ಬ್ರಿಟನ್ ಒಕ್ಕೂಟದಿಂದ ಹೊರಬಿದ್ದ ಮೇಲೆ ಅಲ್ಲಿನ ಕೆಲವು ದೊಡ್ಡ ಕಂಪನಿಗಳು ಯುರೋಪಿನ ರೋಮಿಂಗಿಗೆ ಮತ್ತೆ ದಿನದ ಶುಲ್ಕ ಹಾಕತೊಡಗಿದವು. ತಂತ್ರಜ್ಞಾನವೇನೂ ಅಷ್ಟರಲ್ಲಿ ಬದಲಾಗಿರಲಿಲ್ಲ.

ಇನ್ನೊಂದು ಸ್ವಾರಸ್ಯವಿದೆ. ನಮ್ಮ ಸಿಮ್ಮನ್ನು ರೋಮಿಂಗಿನಲ್ಲಿ ಬಳಸಿ ಪ್ಯಾರಿಸ್‌ನಲ್ಲಿ ನಿಂತು ಎದುರಿನ ಹೋಟೆಲಿನ ಊಟದ ಪಟ್ಟಿ ನೋಡಿದರೂ ಆ ಕೋರಿಕೆ ಸಾಮಾನ್ಯವಾಗಿ ಭಾರತಕ್ಕೆ ಬಂದು, ಇಲ್ಲಿಂದ ಇಂಟರ್ನೆಟ್ಟಿಗೆ ಹೊರಟು, ಮತ್ತೆ ಅದೇ ದಾರಿಯಲ್ಲಿ ಪ್ಯಾರಿಸ್ ಸೇರುತ್ತದೆ. ಆದ್ದರಿಂದಲೇ ರೋಮಿಂಗ್ ಸ್ವಲ್ಪ ನಿಧಾನ. ಚೀನಾದಲ್ಲಿ ಇದೇ ವರವಾಗುತ್ತದೆ. ಅಲ್ಲಿನ ಸ್ಥಳೀಯ ಸಿಮ್ ಹಾಕಿದರೆ ಗೂಗಲ್, ವಾಟ್ಸ್‌ಆ್ಯಪ್ ತೆರೆಯುವುದಿಲ್ಲ, ರೋಮಿಂಗಿನಲ್ಲಿರುವ ಊರಿನ ಸಿಮ್ಮಿನಲ್ಲಿ ತೆರೆಯುತ್ತವೆ. ಗುವಾಂಗ್‌ಜೌಗೆ ಸರಕು ಕೊಳ್ಳಲು ಹೋಗುವ ಚಿಕ್ಕಪೇಟೆಯ ವ್ಯಾಪಾರಿಗಳಿಗೆ ಈ ಗುಟ್ಟು ಎಂದಿನಿಂದಲೋ ಗೊತ್ತು. ದುಬೈನಲ್ಲಿ ಕಥೆ ಬೇರೆ: ವಾಟ್ಸ್‌ಆ್ಯಪ್ ಸಂದೇಶ ಹೋಗುತ್ತದೆ, ಸ್ಥಳೀಯ ಜಾಲದಲ್ಲಿ ಕರೆ ಹೋಗುವುದಿಲ್ಲ. ಭಟ್ಕಳ, ಉಡುಪಿ, ಮಂಗಳೂರಿನ ಮನೆಗಳಲ್ಲಿ ಹಿರಿಯರ ಫೋನಿನಲ್ಲೂ ಬೋಟಿಮ್ ಎಂಬ ಕರೆಯ ಆ್ಯಪ್ ಇರುವುದು ಅದಕ್ಕೇ.

ಅಂದ ಹಾಗೆ, ಪರದೇಶದ ಜಾಲ ಹಿಡಿಯಲು ಪರದೇಶಕ್ಕೇ ಹೋಗಬೇಕಿಲ್ಲ. ರಾಮೇಶ್ವರ ಯಾತ್ರೆಗೆ ಹೋದವರು ಧನುಷ್ಕೋಡಿಯ ತುದಿಯಲ್ಲಿ ನಿಂತರೆ ಶ್ರೀಲಂಕಾಕ್ಕೆ ಸ್ವಾಗತ ಎಂಬ ಸಂದೇಶ ಬರುವುದುಂಟು. ಪುಣ್ಯದ ಜೊತೆ ಬಿಲ್ಲೂ ಬರಬಾರದೆಂದರೆ ಡೇಟಾ ರೋಮಿಂಗ್ ಆರಿಸಿಡಬೇಕು.

ಬಾಣಂತನ ಮತ್ತು ಒಟಿಪಿ

ವಾರದ ಪ್ರವಾಸಿಯ ಕಷ್ಟ ಇಷ್ಟೇ. ನಮ್ಮಲ್ಲಿ ವಿದೇಶಕ್ಕೆ ಹೋಗುವವರಲ್ಲಿ ಇನ್ನೊಂದು ದೊಡ್ಡ ಗುಂಪಿದೆ, ಅದರ ಬಗ್ಗೆ ಪ್ರವಾಸ ಲೇಖನಗಳು ಬರೆಯುವುದಿಲ್ಲ. ಮಗಳ, ಸೊಸೆಯ ಬಾಣಂತನಕ್ಕೆಂದು ಆರು ತಿಂಗಳು ಅಮೆರಿಕಕ್ಕೆ ಹೋಗುವ ತಂದೆ ತಾಯಿಗಳು. ಅವರಿಗೆ ಅಲ್ಲಿ ಇಂಟರ್ನೆಟ್ಟಿನ ಕೊರತೆಯೇ ಇಲ್ಲ. ಮನೆಯಲ್ಲಿ ವೈಫೈ, ಮಗಳ ಫ್ಯಾಮಿಲಿ ಪ್ಲಾನಿನಲ್ಲಿ ಒಂದು ಹೆಚ್ಚಿನ ಸಂಪರ್ಕ. ಇಕ್ಕಟ್ಟು ಇರುವುದು ಊರಿನಲ್ಲಿ ಬಿಟ್ಟುಬಂದ ಬದುಕಿನಲ್ಲಿ: ಪಿಂಚಣಿ, ಠೇವಣಿ, ಮನೆ ಬಾಡಿಗೆ, ಕಂದಾಯ, ಗ್ಯಾಸ್. ಎಲ್ಲದರ ಬೀಗದ ಕೈ ಒಂದೇ, ಊರಿನ ಹತ್ತು ಅಂಕಿಗಳು.

ನನ್ನ ದೊಡ್ಡಮ್ಮ, ದೊಡ್ಡಪ್ಪ ನ್ಯೂಜೆರ್ಸಿಯ ಅಕ್ಕನ ಮನೆಗೆ ಹೋದಾಗ ಊರಿನ ಸಿಮ್ ಇದ್ದ ಹಳೆಯ ಫೋನನ್ನು ಮೈಸೂರಿನ ಪಕ್ಕದ ಮನೆಯ ನಿವೃತ್ತ ಮೇಷ್ಟ್ರ ಕೈಗೆ ಕೊಟ್ಟು ಹೋಗಿದ್ದರು. "ಚಾರ್ಜ್ ಮಾಡಿ ಇಟ್ಟುಕೊಂಡಿರಿ, ಬೇಕಾದಾಗ ಕೇಳುತ್ತೇವೆ" ಎಂಬ ಒಪ್ಪಂದ. ನಾನು ಕಚೇರಿಯ ಕೆಲಸಕ್ಕೆಂದು ಆ ಕಡೆ ಹೋದವನು ಒಂದು ವಾರಾಂತ್ಯ ಅಕ್ಕನ ಮನೆಯಲ್ಲಿದ್ದೆ. ದೊಡ್ಡಪ್ಪನ ಠೇವಣಿ ಒಂದು ಮಾಗಿತ್ತು, ಹಣವನ್ನು ಬೇರೆ ಖಾತೆಗೆ ಹಾಕಬೇಕಿತ್ತು. ಬೇಸಿಗೆಯಾದ್ದರಿಂದ ಅಲ್ಲಿ ರಾತ್ರಿ ಒಂಬತ್ತಾದರೆ ಮೈಸೂರಿನಲ್ಲಿ ಬೆಳಗಿನ ಆರೂವರೆ, ಮೇಷ್ಟ್ರು ವಾಕಿಂಗ್ ಹೊರಡುವ ಮೊದಲಿನ ಹೊತ್ತು. ಅಕ್ಕ ಲ್ಯಾಪ್‌ಟಾಪಿನ ಮುಂದೆ, ದೊಡ್ಡಪ್ಪ ವಾಟ್ಸ್‌ಆ್ಯಪ್ ಕರೆಯಲ್ಲಿ, ಒಳಗಿನ ಕೋಣೆಯಲ್ಲಿ ಮಗುವಿಗೆ ಎಣ್ಣೆ ಹಚ್ಚುತ್ತಿದ್ದ ದೊಡ್ಡಮ್ಮ ಅಲ್ಲಿಂದಲೇ ಮೇಲ್ವಿಚಾರಣೆಯಲ್ಲಿ.

"ಬಂತೇ ಮೇಷ್ಟ್ರೇ?"

"ಇರಿ ರಾಯರೇ, ಕನ್ನಡಕ ಎಲ್ಲಿಟ್ಟೆನೋ... ಹಾಂ, ಬಂತು. ಏಳು, ನಾಲ್ಕು, ನಾಲ್ಕು... ಇದು ಒಂದೋ ಏಳೋ ತಿಳಿಯುತ್ತಿಲ್ಲ."

ಅದು ಒಂದೋ ಏಳೋ ತೀರ್ಮಾನವಾಗುವಷ್ಟರಲ್ಲಿ ಅವಧಿ ಮುಗಿದಿತ್ತು. ಮತ್ತೊಂದು ತರಿಸಿದರು. ಈ ಬಾರಿ ಮೇಷ್ಟ್ರು ಸಿದ್ಧವಾಗಿಯೇ ಕುಳಿತಿದ್ದರು, ಸಂದೇಶ ಬಂದ ಕೂಡಲೇ ತರಗತಿಯಲ್ಲಿ ಪಾಠ ಓದುವಂತೆ ಮೊದಲಿನಿಂದ ಓದತೊಡಗಿದರು. ಅರ್ಧಕ್ಕೆ ನಿಲ್ಲಿಸಿ, "ಇದನ್ನು ಯಾರೊಂದಿಗೂ ಹಂಚಿಕೊಳ್ಳಬೇಡಿ, ಬ್ಯಾಂಕಿನವರು ಕೇಳಿದರೂ ಹೇಳಬೇಡಿ ಎಂದು ಬರೆದಿದ್ದಾರಲ್ಲ ರಾಯರೇ, ಹೇಳಬಹುದೇ?" ಎಂದು ನಿಜವಾದ ಸಂಕೋಚದಿಂದ ಕೇಳಿದರು. ದೊಡ್ಡಪ್ಪ ನಲವತ್ತು ವರ್ಷ ಬ್ಯಾಂಕಿನಲ್ಲಿಯೇ ದುಡಿದವರು. ಅವರಿಗೆ ಉತ್ತರ ಹೊಳೆಯಲಿಲ್ಲ.

ಆ ಮೌನದಲ್ಲಿ ನನಗೆ ವಿಷಯ ಅರ್ಥವಾಯಿತು. ಈ ಸಂದೇಶದ ಇಡೀ ನಂಬಿಕೆ ನಿಂತಿರುವುದು ಫೋನೂ ಅದರ ಒಡೆಯನೂ ಒಂದೇ ಕಡೆ ಇರುತ್ತಾರೆ ಎಂಬುದರ ಮೇಲೆ. ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೆಯ ದೃಢೀಕರಣವನ್ನು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದ್ದು 2009ರ ಆಗಸ್ಟ್‌ನಲ್ಲಿ. ಆ ಎರಡನೆಯ ಬೀಗಕ್ಕೆ ಎಲ್ಲರ ಕೈಯಲ್ಲೂ ಇದ್ದ ಅಗ್ಗದ ಸಾಧನ ಎಸ್‌ಎಂಎಸ್. ಬ್ಯಾಂಕಿನಿಂದ ಅದು ಆಧಾರ್‌ಗೆ, ಆಧಾರ್‌ನಿಂದ ಉಳಿದೆಲ್ಲಕ್ಕೂ ಹಬ್ಬಿತು. ಆಧಾರ್‌ನ ಒಟಿಪಿ ವಿದೇಶಿ ನಂಬರಿಗೆ ಹೋಗುವುದಿಲ್ಲ. ಯುಪಿಐ ವಿಷಯದಲ್ಲಿ 2023ರ ಜನವರಿಯಲ್ಲಿ ಅಮೆರಿಕ, ಬ್ರಿಟನ್, ಸಿಂಗಪುರ, ಯುಎಇ ಸೇರಿದಂತೆ 10 ದೇಶಗಳ ನಂಬರುಗಳಿಗೆ ಬಾಗಿಲು ತೆರೆದರು, ಆದರೆ ಅನಿವಾಸಿಗಳ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳಿಗೆ ಮಾತ್ರ. ಅಕ್ಕನಿಗೆ ಅದರಿಂದ ಅನುಕೂಲ. ಸಂದರ್ಶಕರ ವೀಸಾದಲ್ಲಿ ಬಂದ ದೊಡ್ಡಮ್ಮನಿಗೆ ಇಲ್ಲ.

ಹೀಗಾಗಿ ಊರಿನ ನಂಬರನ್ನು ಜೀವಂತ ಇಡಬೇಕು, ಅದಕ್ಕೂ ಒಂದು ಖರ್ಚಿದೆ. ಒಂದು ಕಾಲದಲ್ಲಿ ಸಿಮ್ ಕೊಂಡರೆ ಒಳಬರುವ ಕರೆ ಆಜೀವ ಉಚಿತ ಎನ್ನುತ್ತಿದ್ದರು. 2018ರ ಕೊನೆಯಲ್ಲಿ ದೊಡ್ಡ ಕಂಪನಿಗಳು ತಿಂಗಳಿಗೆ ಕನಿಷ್ಠ 35 ರೂಪಾಯಿಯ ರೀಚಾರ್ಜ್ ಇಲ್ಲದಿದ್ದರೆ ಸೇವೆ ನಿಲ್ಲುತ್ತದೆ ಎಂದವು. ಆಮೇಲೆ ಆ ಕನಿಷ್ಠ ಮೊತ್ತ ಏರುತ್ತಲೇ ಹೋಯಿತು. ಸಿಮ್ 90 ದಿನ ಬಳಕೆಯಾಗದೆ, ಖಾತೆಯಲ್ಲಿ 20 ರೂಪಾಯಿಯೂ ಇಲ್ಲದಿದ್ದರೆ ನಂಬರ್ ರದ್ದಾಗಬಹುದು. ರದ್ದಾದ ನಂಬರ್ ಕನಿಷ್ಠ 90 ದಿನ ಸುಮ್ಮನಿದ್ದು ಆಮೇಲೆ ಬೇರೆಯವರ ಪಾಲಾಗುತ್ತದೆ. ಆ ಬೇರೆಯವರಿಗೆ ನಿಮ್ಮ ಬ್ಯಾಂಕಿನ ಸಂದೇಶಗಳೂ ಹೋಗತೊಡಗುತ್ತವೆ, ನಂಬರನ್ನು ಬದಲಿಸಲು ನೀವು ಬ್ಯಾಂಕಿಗೆ ಹೇಳಿರದಿದ್ದರೆ. ಸಮಾಧಾನದ ಸಂಗತಿ ಒಂದಿದೆ. 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಡೇಟಾ ಇಲ್ಲದೆ ಬರೀ ಕರೆ ಮತ್ತು ಎಸ್‌ಎಂಎಸ್ ಇರುವ ಪ್ಯಾಕುಗಳನ್ನು ಕೊಡಲೇಬೇಕೆಂದು ಕಂಪನಿಗಳಿಗೆ ಹೇಳಿತು, ಅವಧಿಯ ಮಿತಿಯನ್ನು 365 ದಿನಕ್ಕೆ ಏರಿಸಿತು. ಬಾಣಂತನಕ್ಕೆ ಹೊರಟ ತಾಯಂದಿರಿಗೆ ಇದಕ್ಕಿಂತ ಹೊಂದುವ ಪ್ಯಾಕ್ ಬೇರೆ ಇಲ್ಲ.

ಎರಡು ಸಿಮ್ಮಿನ ಸಂಸಾರ

ಮೇಷ್ಟ್ರ ಪ್ರಸಂಗವಾದ ಮೇಲೆ ನಮ್ಮ ಮನೆಯಲ್ಲಿ ಯಾರು ಹೊರಟರೂ ಊರಿನ ಸಿಮ್ ಜೊತೆಯಲ್ಲೇ ಹೋಗುತ್ತದೆ. ಹೊರಡುವ ಮೊದಲು ಕಂಪನಿಯ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ರೋಮಿಂಗ್ ತೆರೆಸಿಕೊಳ್ಳುತ್ತೇವೆ, ದಿನದ ಪ್ಯಾಕ್ ಕೊಳ್ಳುವುದಿಲ್ಲ. ಆ ಸಿಮ್ಮಿನ ಡೇಟಾ ಆರಿಸುತ್ತೇವೆ, ಇಂಟರ್ನೆಟ್ಟಿಗೆ ಸ್ಥಳೀಯ ಸಿಮ್ ಅಥವಾ ಇಸಿಮ್. ಒಳಬರುವ ಎಸ್‌ಎಂಎಸ್‌ಗೆ ಸಾಮಾನ್ಯವಾಗಿ ಶುಲ್ಕವಿಲ್ಲ, ಆದರೆ ಪ್ಯಾಕ್ ಇಲ್ಲದೆ ಜಾಲ ಹಿಡಿಯಲು ಬಿಡದ ಕಂಪನಿಗಳೂ ಇವೆ, ಹೊರಡುವ ಮೊದಲೇ ಕೇಳಿಕೊಳ್ಳಬೇಕು. ಕರೆ ಬಂದರೆ ಎತ್ತಬಾರದು, ಎತ್ತಿದರೆ ನಿಮಿಷದ ಲೆಕ್ಕ. "ಸರ್, ನಿಮಗೆ ಪರ್ಸನಲ್ ಲೋನ್ ಬೇಕೇ" ಎಂಬ ಕರೆಗಳು ಸರಿಯಾಗಿ ನಾವು ವಿದೇಶದಲ್ಲಿರುವಾಗಲೇ, ಅಲ್ಲಿನ ನಡುರಾತ್ರಿಯಲ್ಲೇ ಬರುತ್ತವೆ. ಲೋನ್ ಬೇಡ ಎನ್ನುವುದಕ್ಕೂ ದುಡ್ಡು ಕೊಡಬೇಕು.

ಇಸಿಮ್ ಕೊಳ್ಳುವುದರಲ್ಲೂ ನಮಗೊಂದು ವಿಶೇಷ ತೊಡಕಿದೆ. ಪ್ರವಾಸಿ ಇಸಿಮ್ ಮಾರುವ ಐರಾಲೊ, ಹೊಲಾಫ್ಲೈ ಆ್ಯಪ್‌ಗಳನ್ನು 2024ರ ಜನವರಿಯಲ್ಲಿ ದೂರಸಂಪರ್ಕ ಇಲಾಖೆ ಭಾರತದಲ್ಲಿ ತಡೆಯಿತು. ವಿದೇಶಿ ಸಿಮ್ಮನ್ನು ಇಲ್ಲಿ ಮಾರಲು ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು, ಗ್ರಾಹಕನ ಪಾಸ್‌ಪೋರ್ಟ್ ದಾಖಲೆ ಪಡೆಯಬೇಕು ಎಂಬ ಕಾರಣಕ್ಕೆ. ಅದರ ಹಿಂದಿನ ಚಿಂತೆ ಸುಳ್ಳಲ್ಲ, ಯಾರದೆಂದು ತಿಳಿಯದ ಸಿಮ್ಮುಗಳಿಂದ ನಡೆಯುವ ಮೋಸಗಳು ದಿನವೂ ಪತ್ರಿಕೆಯಲ್ಲಿವೆ. 2025ರ ನವೆಂಬರ್ ಕೊನೆಯಲ್ಲಿ ಅದೇ ಇಲಾಖೆ ವಾಟ್ಸ್‌ಆ್ಯಪ್, ಟೆಲಿಗ್ರಾಂ, ಸಿಗ್ನಲ್‌ನಂಥ ಸೇವೆಗಳಿಗೆ ಮತ್ತೊಂದು ನಿರ್ದೇಶನ ಕೊಟ್ಟಿತು: ಖಾತೆ ತೆರೆಯಲು ಬಳಸಿದ ಸಿಮ್ ಫೋನಿನೊಳಗೆ ಇದ್ದರೆ ಮಾತ್ರ ಸೇವೆ ನಡೆಯಬೇಕು. ರೋಮಿಂಗಿನಲ್ಲಿರುವ ಸಿಮ್ಮಿಗೆ ಇದರಿಂದ ತೊಂದರೆ ಇಲ್ಲ ಎಂದು ಸರ್ಕಾರ ಹೇಳಿದೆ. ಆದರೆ ಊರಿನ ಸಿಮ್ ತೆಗೆದು ಪರ್ಸಿನಲ್ಲಿಟ್ಟು ಅದೇ ಜಾಗದಲ್ಲಿ ಥಾಯ್ಲೆಂಡಿನದನ್ನು ತೂರಿಸುವ, ನಮ್ಮ ತಲೆಮಾರಿಗೆ ಒಗ್ಗಿಹೋದ ಉಪಾಯಕ್ಕೆ ಈ ನಿರ್ದೇಶನದಲ್ಲಿ ಜಾಗವಿಲ್ಲ. ಮೋಸಗಾರನನ್ನು ಹಿಡಿಯಲು ಹಾಕಿದ ಪ್ರತಿಯೊಂದು ಗಂಟೂ ನನ್ನನ್ನು ಈ ಹತ್ತು ಅಂಕಿಗಳಿಗೆ ಇನ್ನಷ್ಟು ಬಿಗಿಯಾಗಿ ಕಟ್ಟುತ್ತದೆ. ಕಟ್ಟಿದ ಹಗ್ಗದ ಬಾಡಿಗೆ ಕೊಡುವವನೂ ನಾನೇ. ಇದರ ಬಗ್ಗೆ ನನಗೆ ಸಿಟ್ಟಿದೆ, ಆದರೆ ಯಾರ ಮೇಲೆ ಎಂದು ತೀರ್ಮಾನವಾಗಿಲ್ಲ.

ಎಸ್‌ಎಂಎಸ್ ಒಟಿಪಿಯನ್ನೇ ಬಿಡುವ ಮಾತು ಎಲ್ಲೆಡೆ ನಡೆಯುತ್ತಿದೆ. ಸಿಂಗಪುರದ ಬ್ಯಾಂಕುಗಳು 2024ರಲ್ಲೇ ಲಾಗಿನ್‌ಗೆ ಅದನ್ನು ಕೈಬಿಡಲು ಆರಂಭಿಸಿದವು, ಯುಎಇ ಕೂಡ 2025ರಲ್ಲಿ ಆ ದಾರಿ ಹಿಡಿಯಿತು. ನಮ್ಮ ರಿಸರ್ವ್ ಬ್ಯಾಂಕಿನ ಹೊಸ ನಿರ್ದೇಶನಗಳೂ 2026ರ ಏಪ್ರಿಲ್ 1ರಿಂದ ಎಸ್‌ಎಂಎಸ್ ಒಂದನ್ನೇ ನೆಚ್ಚಿಕೊಳ್ಳಬೇಕಿಲ್ಲ, ಬೇರೆ ವಿಧಾನಗಳನ್ನೂ ಬಳಸಬಹುದು ಎನ್ನುತ್ತವೆ. ಬ್ಯಾಂಕಿನ ಆ್ಯಪ್ ಇದ್ದರೆ ಸಾಕು ಎಂಬ ದಿನ ಬರಬಹುದು. ಕೇಳಲು ಹಿತವಾಗಿದೆ, ಆದರೆ ಆ ಆ್ಯಪ್ ಮೊದಲ ಬಾರಿ ತೆರೆದಾಗ ಏನು ಮಾಡುತ್ತದೆ ಎಂಬುದನ್ನು ಗಮನಿಸಿದ್ದೀರಾ? ನಮ್ಮ ಬಹುತೇಕ ಬ್ಯಾಂಕ್ ಆ್ಯಪ್‌ಗಳು, ಯುಪಿಐ ಆ್ಯಪ್‌ಗಳು ನಿಮ್ಮ ಸಿಮ್ಮಿನಿಂದ ತಾವೇ ಒಂದು ಎಸ್‌ಎಂಎಸ್ ಹೊರಗೆ ಕಳಿಸಿ, ಈ ನಂಬರ್ ಈ ಫೋನಿನಲ್ಲೇ ಇದೆ ಎಂದು ಖಾತ್ರಿ ಮಾಡಿಕೊಳ್ಳುತ್ತವೆ. ವಿದೇಶದಿಂದ ಆ ಸಂದೇಶಕ್ಕೆ ಶುಲ್ಕವಿದೆ, ಹಲವು ಸಲ ಅದು ತಲುಪುವುದೂ ಇಲ್ಲ.

ಆದ್ದರಿಂದ ಬಾಣಂತನಕ್ಕೆ ಹೊರಟವರಿಗೆ ನಾನು ಹೇಳುವ ಮಾತು ಒಂದೇ. ಆ್ಯಪ್‌ಗಳನ್ನೆಲ್ಲ ಊರಿನಲ್ಲೇ ತೆರೆದು ಪರೀಕ್ಷಿಸಿಕೊಳ್ಳಿ. ಸಿಮ್ಮನ್ನು ಇಸಿಮ್ಮಿಗೆ ಬದಲಿಸುವುದಿದ್ದರೆ ವಿಮಾನದ ಹಿಂದಿನ ರಾತ್ರಿ ಬೇಡ, ವಾರದ ಮೊದಲೇ ಮುಗಿಸಿ. ಸಿಮ್ ಬದಲಿಸಿದ ಮೇಲೆ 24 ಗಂಟೆ ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಅಲ್ಲಿಗೆ ಹೋದ ಮೇಲೆ ಮಗಳು ಪ್ರೀತಿಯಿಂದ ಹೊಸ ಐಫೋನ್ ತಂದುಕೊಡುತ್ತಾಳೆ, ಕೊಟ್ಟೇ ಕೊಡುತ್ತಾಳೆ. 2022ರಿಂದ ಅಮೆರಿಕದಲ್ಲಿ ಮಾರುವ ಹೊಸ ಮಾದರಿಯ ಐಫೋನುಗಳಿಗೆ ಸಿಮ್ ಹಾಕುವ ಜಾಗವೇ ಇಲ್ಲ. ಫೋಟೊ ತೆಗೆಯಲು, ಮೊಮ್ಮಗುವಿನ ವಿಡಿಯೊ ನೋಡಲು ಅದನ್ನು ಧಾರಾಳವಾಗಿ ಬಳಸಿ. ಬ್ಯಾಂಕು ಮಾತ್ರ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿಯುವವರೆಗೂ ಹಳೆಯ ಫೋನಿನಲ್ಲೇ ಇರಲಿ.